ಹಿಂಜಿದ ನೂಲು

ಅವಳು ಹಗಲಿಡೀ ತೆಗೆದ ನೂಲನ್ನು ಅವಳ ಕಣ್ಣೆದುರೇ ಕತ್ತರಿಸಿದರು.

ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯೇ ಅದು. ಗುಮಾಸ್ತ ಶಂಕರೆಪ್ಪ ಎಡಗೈಯಲ್ಲಿ ಲಡಿ ಹಿಡಿದುಕೊಂಡು ಬಲಗೈಯಿಂದ ಕಚಕ್ ಕಚಕ್ ಎಂದು ತುಂಡು ಮಾಡಿದ. ತುಂಡುಗಳನ್ನು ಒಬ್ಬ ಹಮಾಲನ ಮುಂದೆ ಸುರಿದ. ಹಮಾಲ ಅವನ್ನು ಬೆರಳಿನಿಂದ ಬಿಡಿಸಿ, ಜಗ್ಗಿ, ಹರಿದು, ಮತ್ತೆ ಉಣ್ಣೆ ಮಾಡತೊಡಗಿದ.

ತುಳಜಾಬಾಯಿ ರಾಟೆಯ ಮುಂದೆ ಕುಳಿತೇ ಇದ್ದಳು. ಮೊಣಕಾಲಿಗೆ ಜೋಮು ಹಿಡಿದಿತ್ತು. ಏಳಲು ಆಗಲಿಲ್ಲ.

"ಏನ್ ಮಾಡಾಕತ್ತೀರಿ ಅಣ್ಣಾರ?" ಎಂದಳು.

"ನಾಳಿಗಿ ನೀ ಏನ್ ನೂಲಬೇಕಬೇ? ಗಾಳಿ ನೂಲ್ತಿಯೇನು?"

"ಬ್ಯಾರೆ ಉಣ್ಣಿ ಕೊಡ್ರಿ."

"ಎಲ್ಲಿಂದ ಕೊಡ್ಲಿ? ಗೋದಾಮಿನಾಗ ಇದ್ದದ್ದೆಲ್ಲಾ ಮೂಟಿ ಬಿಗದು ಗಾಸಡಿ ಕಟ್ಟಿ ಶಿಕ್ಕಾ ಹೊಡದಾರ. ಮುಂಬಯಿ ಬಂದರಕ್ಕ ಹೋಗು ಮಾಲ ಅದು. ಒಂದ್ ಗಾಸಡಿ ಬಿಚ್ಚಿದ್ರ ಸಾವಕಾರ ನನ್ನ ಚರ್ಮಾ ಬಿಚ್ತಾನ."

ತುಳಜಾಬಾಯಿ ಕತ್ತರಿಯನ್ನೇ ನೋಡುತ್ತಿದ್ದಳು. ಶಂಕರೆಪ್ಪನಿಗೆ ನಗು ಬಂತು.

"ಹಂಗ್ಯಾಕ ನೋಡ್ತಿ? ಮಂದಿ ನಿನ್ನ ನೂಲು ನೋಡಾಕ ಬರಂಗಿಲ್ಲಬೇ. ನೀ ನೂಲೋದನ್ನ ನೋಡಾಕ ಬರ್ತಾರ. ನೂಲು ತಗೊಂಡು ಯಾರೇನ್ ಮಾಡ್ತಾರ?"

ಅದು ಹತ್ತೊಂಬತ್ತು ನೂರಾ ಮೂವತ್ನಾಲ್ಕನೆಯ ಇಸವಿಯ ಚಳಿಗಾಲ. ಸೋಲಾಪುರದ ವ್ಯಾಪಾರಿಗಳು ಸೇರಿ ವಿಜಾಪುರ ರಸ್ತೆಯ ಬಯಲಿನಲ್ಲಿ ಉದ್ಯೋಗ ಪ್ರದರ್ಶನ ಹಾಕಿದ್ದರು. ತಗಡಿನ ಮಳಿಗೆಗಳು, ಬಣ್ಣದ ಕಾಗದದ ತೋರಣ, ಒಂದು ಮೂಲೆಯಲ್ಲಿ ವೇದಿಕೆ. ತುಳಜಾಬಾಯಿಯನ್ನು ಕೂರಿಸಿದ ಮಳಿಗೆಗೆ ಜೋಳದ ದಂಟಿನ ಗುಡಿಸಲಿನ ವೇಷ ಹಾಕಿದ್ದರು. ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಮಂದಿ, ಈಚೆ ಅವಳು. ಬಗಲಿನ ಮಳಿಗೆಯಲ್ಲಿ ಕೆಂಪು ಕಂಬಳಿಗಳ ರಾಶಿ.

ಎರಡೂ ಮಳಿಗೆ ಒಬ್ಬನವೇ. ಚನ್ನವೀರಪ್ಪ ಸಾವಕಾರನವು.

ಕಂದಲಗಾಂವದ ಕುರುಬರ ಓಣಿಯಲ್ಲಿ ತುಳಜಾಬಾಯಿಯ ಮನೆ. ಆ ಮನೆಗೆ ಕುರಿ ಇರಲಿಲ್ಲ, ಮಗ್ಗ ಇತ್ತು. ಅವಳು ನೂಲುವವಳು, ಗಂಡ ಅಮೋಗಸಿದ್ಧ ನೇಯುವವನು. ಕುರಿ ಇದ್ದದ್ದು ಅವಳ ತಮ್ಮ ಪೀರಪ್ಪನಿಗೆ, ತವರೂರು ವಳಸಂಗದಲ್ಲಿ. ಪ್ರತಿ ಸಲ ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಅದು ಅಕ್ಕನ ಮನೆಗೆ ಬರುತ್ತಿತ್ತು. ಅದನ್ನು ಯಾರೂ ತೂಗುತ್ತಿರಲಿಲ್ಲ. ತೆಕ್ಕೆಯಿಂದ ಅಳೆಯುವುದು. ಎರಡೂ ತೋಳಿನಲ್ಲಿ ಎಷ್ಟು ತಬ್ಬಲು ಬರುತ್ತದೋ ಅಷ್ಟು. ಅದೂ ಕೊಡುವವನ ತೋಳಲ್ಲ, ತಗೊಳ್ಳುವವಳ ತೋಳು. ಒಡಹುಟ್ಟಿದವರ ನಡುವೆ ಉಣ್ಣೆಗೆ ತಕ್ಕಡಿ ಹಿಡಿದರೆ ಕುಲದೇವರು ಬೀರೋಬಾ ಮುನಿಯುತ್ತಾನೆಂದು ಹಿರಿಯರು ಹೇಳಿದ್ದರು. ನೇಯ್ದ ಕಂಬಳಿಗಳಲ್ಲಿ ಅರ್ಧ ತಮ್ಮನಿಗೆ ಹೋಗುತ್ತಿದ್ದವು. ಉಳಿದರ್ಧ ಸೋಲಾಪುರದ ಸಂತೆಗೆ. ಮನೆಯ ಜೋಳ, ಉಪ್ಪು, ಎಣ್ಣೆ ಎಲ್ಲ ಅದರಲ್ಲೇ.

ಆಮೇಲೆ ಚನ್ನವೀರಪ್ಪ ಸಾವಕಾರ ಗೋದಾಮು ಹಾಕಿದ. ಉಣ್ಣೆಗೆ ಸ್ಥಳದಲ್ಲೇ ರೊಕ್ಕ ಎಂದ. ಕುರಿ ಇದ್ದವರೆಲ್ಲ ಗಾಡಿ ಕಟ್ಟಿದರು. ಉಣ್ಣೆ ಸೋಲಾಪುರದಿಂದ ರೈಲು ಹತ್ತಿ ಮುಂಬಯಿಗೆ, ಮುಂಬಯಿಯಿಂದ ಹಡಗು ಹತ್ತಿ ಲಿವರ್‌ಪೂಲಿಗೆ ಹೊರಟಿತು.

"ಅದೆಲ್ಲೈತಿ ಆ ಲಿವರಪೂರ? ಪಂಢರಪುರದ ಆಚಿಕಿಂದೇನು?" ಎಂದು ಅತ್ತೆ ಮುಕ್ತಾಬಾಯಿ ಕೇಳಿದ್ದಳು.

"ಸಮುದ್ರದ ಆಚಿ ಅಂತ ಯತ್ತಿ."

"ಅಲ್ಲಿ ಕುರಿ ಇಲ್ಲೇನು?"

"ಅದಾವಂತ."

"ಮತ್ತ ನಮ್ಮ ಉಣ್ಣಿ ಯಾಕ ಬೇಕ ಅವರಿಗಿ?"

ಅಷ್ಟರಲ್ಲಿ ಹೋದ ಹಡಗಿನ ದಾರಿಯಲ್ಲೇ ಇನ್ನೊಂದು ಬಂದಿತ್ತು. ಸಾವಕಾರನ ಅಂಗಡಿಯ ಮುಂಗಟ್ಟಿನಲ್ಲಿ ಕೆಂಪು ಕಂಬಳಿಗಳು ಬಂದು ಬಿದ್ದವು. ಇಟಲಿ ದೇಶದ್ದಂತೆ. ಕೈಗೆ ಮೆತ್ತಗೆ, ಅಂಚಿಗೆ ಹಳದಿ ಪಟ್ಟೆ. ಸಾಹೇಬರ ಹಳೆಯ ಕೋಟು ಚೊಣ್ಣಗಳನ್ನು ಯಂತ್ರಕ್ಕೆ ಹಾಕಿ ಹರಿದು, ಆ ಚಿಂದಿಯನ್ನೇ ಹಿಂಜಿ ಮತ್ತೆ ನೂತು ಮಾಡಿದ್ದು ಎಂದು ಶಂಕರೆಪ್ಪನೇ ಒಮ್ಮೆ ಗುಟ್ಟು ಬಿಟ್ಟಿದ್ದ. ಜನ ಅವಕ್ಕೆ ಹಡಗದ ಕಂಬಳಿ ಎಂದು ಹೆಸರಿಟ್ಟರು. ಕೈಕಂಬಳಿಯ ಅರ್ಧ ಬೆಲೆ. ಮಳೆಗೆ ಹೊದ್ದರೆ ನೀರು ಕುಡಿದು ಸತ್ತ ನಾಯಿಯಷ್ಟು ಭಾರವಾಗುತ್ತಿತ್ತು. ಎರಡನೆಯ ಮಳೆಗಾಲಕ್ಕೆ ಹರಿಯುತ್ತಿತ್ತು. ಆದರೂ ಅರ್ಧ ಬೆಲೆ ಅರ್ಧ ಬೆಲೆಯೇ. ಕೂಲಿಯವನ ಕೈಯಲ್ಲಿ ಎರಡು ಮಳೆಗಾಲದ ರೊಕ್ಕ ಒಟ್ಟಿಗೆ ಎಲ್ಲಿರುತ್ತದೆ?

ತುಳಜಾಬಾಯಿ ಉಣ್ಣೆಗೆಂದು ವಳಸಂಗಕ್ಕೆ ಹೋದಾಗ ತಮ್ಮನ ಅಂಗಳದ ಬೇವಿನ ಕೊಂಬೆಗೆ ತಕ್ಕಡಿ ತೂಗುತ್ತಿತ್ತು. ಅವಳು ಅದನ್ನು ನೋಡಿದಳು. ಪೀರಪ್ಪ ಅವಳು ನೋಡಿದ್ದನ್ನು ನೋಡಿದ.

"ಯಕ್ಕಾ, ಸಾವಕಾರ ಕೊಡು ದರಾ ನೀ ಕೊಡ್ತೇನಂದ್ರ ನಿನಗ ಕೊಡ್ತೀನಿ. ನನಗೇನ್ ಬ್ಯಾರೆ?"

"ನಾ ಎಲ್ಲಿಂದ ಕೊಡ್ಲೋ ಪೀರ್ಯಾ?"

"ಮತ್ತ ನಾ ಎಲ್ಲಿಂದ ಬಿಡ್ಲಿ? ಹುಲ್ಲುಗಾವಲಿಗೆ ರೊಕ್ಕಾ ಕಟ್ಟಬೇಕು. ನಾಕ್ ಮಕ್ಕಳದಾವ. ಇಷ್ಟ್ ವರ್ಷದಾಗ ಉಣ್ಣಿಗಿ ಒಂದ್ ದರಾ ಅಂತ ಕಂಡದ್ದು ಈಗ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನ ಹೆಂಡತಿ ರತ್ನಾಬಾಯಿಯ ಕೈಯಲ್ಲಿ ಹೊಸ ಬಳೆ ಇತ್ತು, ಮಕ್ಕಳ ಮೈಮೇಲೆ ಅಂಗಿ ಇತ್ತು. ಅದನ್ನು ನೋಡಿ ತುಳಜಾಬಾಯಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆಗಲಿಲ್ಲವೆಂದು ತನ್ನ ಮೇಲೇ ಅಸಹ್ಯವಾಯಿತು. ಉಣ್ಣೆ ಕಟ್ಟಲೆಂದು ತಂದಿದ್ದ ದುಪ್ಪಟಿಯನ್ನು ತಲೆಗೆ ಸುತ್ತಿಕೊಂಡು ತಿರುಗಿ ನಡೆದಳು.

ಮಗ್ಗ ನಿಂತಿತು. ಮಗ್ಗದ ಕುಣಿಯಲ್ಲಿ ಕೋಳಿ ಕಾವಿಗೆ ಕೂತಿತು. ಅಮೋಗಸಿದ್ಧ ಸೋಲಾಪುರದ ಬಟ್ಟೆ ಗಿರಣಿಯ ಬಾಗಿಲಿಗೆ ಹೋಗಿ ದಿನಾ ನಸುಕಿನಲ್ಲಿ ನಿಂತ. ಅಲ್ಲಿ ಅವನಂಥವರ ಸಾಲೇ ಇತ್ತು. ಕಡೆಗೆ ಸಾವಕಾರನ ಗೋದಾಮೇ ಗತಿಯಾಯಿತು. ಗಾಸಡಿ ಕಟ್ಟುವ ಹೊಂಡಕ್ಕೆ ಇಳಿದು ಉಣ್ಣೆ ತುಳಿಯುವ ಕೆಲಸ. ಮೇಲಿನಿಂದ ಉಣ್ಣೆ ಸುರಿಯುತ್ತಾರೆ, ಒಳಗಿನವರು ಗಟ್ಟಿಯಾಗುವವರೆಗೆ ಕುಣಿಯಬೇಕು. ಧೂಳಿಗೆ ಕಣ್ಣು ಕಾಣುವುದಿಲ್ಲ. ಸಂಜೆ ಮನೆಗೆ ಬಂದು ಕೆಮ್ಮಿದರೆ ಕಫದಲ್ಲಿ ಕರಿಯ ಎಳೆಗಳು ಬರುತ್ತಿದ್ದವು. ಕೈಯಿಂದ ನೇಯ್ದವನು ಈಗ ಕಾಲಿಂದ ತುಳಿಯುತ್ತಿದ್ದ. ಅವನು ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟ.

ಇದೆಲ್ಲವನ್ನೂ ನುಂಗಿಕೊಂಡು ಇರಬಹುದಿತ್ತು. ಆದರೆ ಮಗಳು ನೀಲಗಂಗಾಳ ಮದುವೆ ಗೊತ್ತಾಗಿತ್ತು. ಹುಡುಗ ಅಕ್ಕಲಕೋಟದ ಕಡೆಯವನು, ನಿಂಗಣ್ಣ. ಬೀಗರು ಬೇರೇನೂ ಕೇಳಿರಲಿಲ್ಲ. ಕೇಳುವಂಥದ್ದೂ ಇರಲಿಲ್ಲ. ತಾಯಿ ನೂತು ತಂದೆ ನೇಯ್ದ ಕರಿ ಕಂಬಳಿಯ ಗದ್ದುಗೆ ಹಾಸಿ, ಅದರ ಮೇಲೆ ಗಂಡುಹೆಣ್ಣನ್ನು ಕೂರಿಸಿ ಅರಿಶಿನದ ಭಂಡಾರ ತೂರಿದರೆ ಮದುವೆ. ಅದಿಲ್ಲದಿದ್ದರೆ ಮದುವೆಯಲ್ಲ. ಕಂಬಳಿಯ ಕೆಲಸ ಮಾಡುವ ಮನೆಯಲ್ಲಿ ಒಂದು ಕಂಬಳಿಗೆ ಉಣ್ಣೆ ಇರಲಿಲ್ಲ.

ಆಗ ಶಂಕರೆಪ್ಪ ಓಣಿಗೆ ಬಂದ. ಪ್ರದರ್ಶನದಲ್ಲಿ ಕೂತು ನೂಲಲು ಒಬ್ಬ ಹೆಂಗಸು ಬೇಕಾಗಿತ್ತು.

"ಕೂಲಿ ಏನ್ ಕೊಡ್ತೀರಿ?" ಎಂದು ಮುಕ್ತಾಬಾಯಿ ಕೇಳಿದಳು.

"ಏನ್ ಬೇಕು ಕೇಳ್ರಿ."

ತುಳಜಾಬಾಯಿ ಬಾಗಿಲ ಹಿಂದಿನಿಂದ ಹೇಳಿದಳು. "ಒಂದ್ ಚೀಲ ಕರಿ ಉಣ್ಣಿ."

ಶಂಕರೆಪ್ಪ ಸಾವಕಾರನನ್ನು ಕೇಳಿಕೊಂಡು ಬಂದು ಹೂಂ ಎಂದ. ಪ್ರದರ್ಶನ ಮುಗಿದ ದಿನ ಎಲ್ಲರ ಮುಂದೆ, ವೇದಿಕೆಯ ಮೇಲೆ, ದೊಡ್ಡವರ ಕೈಯಿಂದ ಒಂದು ಚೀಲ ಕರಿ ಉಣ್ಣೆ.

ಪ್ರದರ್ಶನದ ಎರಡನೆಯ ದಿನ ನೂಲು ಹರಿಯತೊಡಗಿತು.

ಹರಿಯದೆ ಇನ್ನೇನು? ಕುರಿಯ ಮೈಮೇಲಿಂದ ಬಂದ ಉಣ್ಣೆಯ ಎಳೆ ಬೆರಳುದ್ದ ಇರುತ್ತದೆ. ಎಳೆಗೆ ಎಳೆ ಅಪ್ಪಿಕೊಂಡು ಹೋಗುತ್ತದೆ. ಕತ್ತರಿ ಬಿದ್ದ ಎಳೆಗೆ ಅಪ್ಪುವ ಶಕ್ತಿ ಎಲ್ಲಿಂದ ಬರಬೇಕು? ತುಳಜಾಬಾಯಿ ನಿಧಾನಕ್ಕೆ ತಿರುಗಿಸಿದಳು. ಉಗುಳು ಹಚ್ಚಿ ಹೊಸೆದಳು. ಬೆರಳ ತುದಿ ಸುಲಿಯಿತು. ನೂಲು ಒಂದು ಮೊಳ ಬಂದು ಪಟ್ ಎನ್ನುತ್ತಿತ್ತು. ಜೋಡಿಸಿದರೆ ಮತ್ತೆ ಪಟ್. ಸಂಜೆ ಅಷ್ಟನ್ನೇ ಮತ್ತೆ ಕತ್ತರಿಸಿದರು. ಮಾರನೆಯ ದಿನ ಎಳೆ ಇನ್ನೂ ಗಿಡ್ಡವಾಗಿತ್ತು.

ಹಗ್ಗದ ಆಚೆ ಮಂದಿ ನಿಂತು ನೋಡಿದರು. ಪೇಟೆಯ ಹೆಂಗಸರು ಮೂಗಿಗೆ ಸೆರಗು ಹಿಡಿದು ಮರಾಠಿಯಲ್ಲಿ ಮಾತಾಡಿಕೊಂಡರು. ತುಳಜಾಬಾಯಿಗೆ ಮರಾಠಿ ಬರುತ್ತಿತ್ತು. ಬರುವುದಿಲ್ಲವೆಂದು ಅವರೇ ತಿಳಿದುಕೊಂಡಿದ್ದರು. ಒಬ್ಬಳು ಹಗ್ಗದ ಕೆಳಗಿನಿಂದ ಕೈ ಹಾಕಿ ಇವಳ ಕಾಲಿನ ಕಡಗ ಮುಟ್ಟಿ ನೋಡಿದಳು. ಇನ್ನೊಬ್ಬಳು ನಕ್ಕು ಮರಾಠಿಯಲ್ಲೇ ಅಂದಳು. "ಅಗ ಬಾಯಿ! ಇಕೀಗಿ ನೂಲಾಕೂ ಬರಂಗಿಲ್ಲ. ಎಲ್ಲಿಂದ ಹಿಡಕೊಂಡು ಬಂದಾರೋ!"

ಆ ಮಾತು ಎದೆಗೆ ನಾಟಿತು. ಹಸಿವೆ, ಬಯ್ಗುಳ, ಎಲ್ಲ ಕಂಡವಳೇ ಅವಳು. ನೂಲಲು ಬರುವುದಿಲ್ಲ ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಹಾಲು ಬಿಡಿಸಿದ ವಯಸ್ಸಿನಿಂದ ಅವಳ ಬೆರಳಲ್ಲಿ ಉಣ್ಣೆ ಇತ್ತು.

ಮಳಿಗೆಯಿಂದ ಏಳುವ ಹಾಗಿರಲಿಲ್ಲ. ಬಯಲಿಗೆ ಹೋಗಬೇಕೆಂದರೆ ಎಲ್ಲಿ ಹೋಗಬೇಕು? ಸುತ್ತ ಮಂದಿ, ಸುತ್ತ ದೀಪ. ಗಂಡಸರಿಗೆ ಗೋಡೆ ಇತ್ತು. ಬಂದ ಹೆಂಗಸರಿಗೆ ಟಾಂಗಾ ಇತ್ತು, ಮನೆ ಇತ್ತು. ಅವಳಿಗೆ ಏನೂ ಇರಲಿಲ್ಲ. ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಬಾಯಿ ಒಣಗಿ ಉಗುಳೂ ಹುಟ್ಟದಾಯಿತು. ಕಿಬ್ಬೊಟ್ಟೆ ಕಲ್ಲಾಯಿತು. ಅದೇ ಹೊಟ್ಟೆಯನ್ನು ತೊಡೆಗೆ ಒತ್ತಿಕೊಂಡು ರಾಟೆ ತಿರುಗಿಸಿದಳು. ಒಂದು ಚೀಲ. ಒಂದು ಚೀಲ ಕರಿ ಉಣ್ಣೆ. ಅದನ್ನು ಮನಸ್ಸಿನಲ್ಲೇ ತೊಳೆದಳು, ಒಣಗಿಸಿದಳು, ಹಂಜಿ ಸುತ್ತಿದಳು. ನೂಲಿಗೆ ಹಚ್ಚಲು ಹುಣಸೆ ಬೀಜ ಅರೆದು ಗಂಜಿ ಕಾಸಿದಳು. ಅದರ ವಾಸನೆ ಮೂಗಿಗೆ ಬಂದಂತಾಗಿ ಕಣ್ಣು ಮುಚ್ಚಿದಳು.

"ಏ ಬಾಯಿ, ನಿದ್ದಿ ಮಾಡಾಕ ಕೂಡಿಸಿಲ್ಲ!" ಎಂದು ಶಂಕರೆಪ್ಪ ಹಗ್ಗ ಜಗ್ಗಿದ.

ಅವತ್ತು ಮಧ್ಯಾಹ್ನ ಪುಣೆಯಿಂದ ಅರ್ಥಶಾಸ್ತ್ರದ ಪ್ರೊಫೆಸರರು ಬಂದರು. ಕರಿ ಕೋಟು, ಜರಿ ಅಂಚಿನ ಪಗಡಿ, ಮೃದುವಾದ ದನಿ. ಕೆಟ್ಟವರಂತೆ ಕಾಣಲಿಲ್ಲ. ಜೊತೆಗೆ ಸಾವಕಾರ. ಹಿಂದೆ ಪ್ರತಿಷ್ಠಿತರ ಗುಂಪು. ಪ್ರೊಫೆಸರರು ಎರಡೂ ಮಳಿಗೆಗಳ ನಡುವೆ ನಿಂತು ಮರಾಠಿಯಲ್ಲಿ ಮಾತಾಡಿದರು. ಹಳ್ಳಿಯ ಮಂದಿಗೆ ತಿಳಿಯಲೆಂದು ಶಂಕರೆಪ್ಪ ಕನ್ನಡದಲ್ಲಿ ಹೇಳಿದ.

ಪ್ರತಿಯೊಂದು ದೇಶವೂ ತನಗೆ ಯಾವುದು ಸಲೀಸೋ ಅದನ್ನು ಮಾಡಬೇಕು, ಉಳಿದದ್ದನ್ನು ಕೊಳ್ಳಬೇಕು ಎಂದರು ಪ್ರೊಫೆಸರರು. ನಮ್ಮಲ್ಲಿ ಹುಲ್ಲಿದೆ, ಕುರಿಯಿದೆ. ಅವರಲ್ಲಿ ಯಂತ್ರವಿದೆ. ನಾವು ಉಣ್ಣೆ ಕೊಡೋಣ, ಅವರು ಕಂಬಳಿ ಕೊಡಲಿ. ಇಬ್ಬರಿಗೂ ಲಾಭ.

"ಅಂದ್ರ, ನಾವು ಕುರಿ ಕಾಯೋದು, ಅವರು ಕಂಬಳಿ ನೇಯೋದು. ಇಬ್ಬರಿಗೂ ಚಲೋ!" ಎಂದ ಶಂಕರೆಪ್ಪ.

"ಕುರಿ ಇಲ್ಲದವ್ರು ಏನ್ ಕಾಯಬೇಕ್ರಿ?" ಎಂದು ಗುಂಪಿನ ಹಿಂದಿನಿಂದ ಯಾರೋ ಕೂಗಿದರು.

"ಹೇಂತಿ ಕಾಯ್!" ಎಂದ ಇನ್ನೊಬ್ಬ. ನಗೆ ಎದ್ದಿತು. ಪ್ರೊಫೆಸರರಿಗೆ ಅದು ಅನುವಾದವಾಗಲಿಲ್ಲ.

ಹೊರಗಿನ ಕಂಬಳಿಯ ಮೇಲೆ ಜಕಾತಿ ಏರಿಸಿರೆಂದು ಕೆಲವರು ಗದ್ದಲ ಮಾಡುತ್ತಾರೆ, ಆದರೆ ಆ ಜಕಾತಿ ತೆರಬೇಕಾದವನು ಬಡವನೇ ಎಂದರು. ಬಡವ ಎನ್ನುವಾಗ ಅವರ ಬೆರಳು ತುಳಜಾಬಾಯಿಯ ಕಡೆ ತಿರುಗಿತು. ಅಗ್ಗದ ಕಂಬಳಿ ಹೊದೆಯುವ ಬಡವಳಾಗಿ ಅವಳು ಅವರ ಲೆಕ್ಕದಲ್ಲಿ ಇದ್ದಳು. ಕಂಬಳಿ ಮಾಡುವ ಬಡವಳು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಬಿಡುವಾದ ಕೈಗಳು ಬೇರೆ ಒಳ್ಳೆಯ ಕೆಲಸಕ್ಕೆ ಹೋಗುತ್ತವೆ ಎಂದೂ ಅವರು ಹೇಳಿದರು. ಯಾವ ಕೆಲಸ ಎಂದು ಹೇಳಲಿಲ್ಲ.

ಕೊನೆಗೆ ಅವರು ಹಗ್ಗ ದಾಟಿ ಒಳಗೆ ಬಂದರು. ಅವಳ ಕದಿರಿನಿಂದ ಒಂದು ಮೊಳ ನೂಲು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಎರಡು ಕೈಯಲ್ಲಿ ಎತ್ತಿ ಹಿಡಿದರು. ಮೆಲ್ಲಗೆ ಎಳೆದರು. ನೂಲು ಹರಿಯಿತು. ಬಗಲಿನ ರಾಶಿಯಿಂದ ಕೆಂಪು ಕಂಬಳಿಯ ತುದಿ ಹಿಡಿದು ಎಳೆದರು. ಹರಿಯಲಿಲ್ಲ.

ಬೇರೆ ಮಾತೇ ಬೇಕಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು.

"ಉಣ್ಣಿ ಸತ್ತೈತ್ರಿ ಸಾಹೇಬ್ರ," ಎಂದಳು ತುಳಜಾಬಾಯಿ. ಗಂಟಲು ಒಣಗಿ ದನಿ ಹೊರಗೆ ಬರಲಿಲ್ಲ.

"ಕಾಯ್ ಮ್ಹಣತೇ?" ಎಂದು ಪ್ರೊಫೆಸರರು ಬಾಗಿ ಕೇಳಿದರು, ಏನು ಹೇಳುತ್ತಿದ್ದಾಳೆಂದು.

"ನಮಸ್ಕಾರ ಅನ್ನಾಕತ್ಯಾಳ್ರಿ," ಎಂದ ಶಂಕರೆಪ್ಪ.

ಪ್ರೊಫೆಸರರು ಪ್ರತಿಯಾಗಿ ಕೈ ಮುಗಿದರು. ಅವರು ಹೋದ ಮೇಲೆ ತುಳಜಾಬಾಯಿ ರಾಟೆಯ ಮೇಲೆ ಕೈಯಿಟ್ಟುಕೊಂಡು ಎದ್ದು ಹೋಗಿಬಿಡಲೇ ಎಂದು ಯೋಚಿಸಿದಳು. ನೀಲಗಂಗಾಳ ಮುಖ ಕಣ್ಣ ಮುಂದೆ ಬಂತು. ಕೈ ತಾನಾಗಿ ತಿರುಗಿತು.

ಕಡೆಯ ದಿನ ವೇದಿಕೆಯ ಮೇಲೆ ಕುರ್ಚಿಗಳು. ಮಧ್ಯದಲ್ಲಿ ಪ್ರೊಫೆಸರರು, ಬಲಕ್ಕೆ ಸಾವಕಾರ. ಮುಂದೆ ಮಂದಿಯೇ ಮಂದಿ. ಬೆಲ್ಲಕ್ಕೆ, ಸೀರೆಗೆ, ಎಣ್ಣೆಯ ಗಾಣಕ್ಕೆ ಬಹುಮಾನ ಹಂಚಿದ ಮೇಲೆ ತುಳಜಾಬಾಯಿಯನ್ನು ಕರೆದರು. ಅವಳು ಸೆರಗು ಬಿಗಿಯಾಗಿ ಹೊದ್ದು ಮೆಟ್ಟಿಲು ಹತ್ತಿದಳು.

ಚೀಲವನ್ನು ಬೆನ್ನ ಮೇಲೆ ಹೊತ್ತು ತಂದವನು ಅಮೋಗಸಿದ್ಧ. ಗೋದಾಮಿನಿಂದ ಅವನನ್ನೇ ಕಳಿಸಿದ್ದರು. ಅವನು ಚೀಲ ಇಳಿಸಿದ. ಹೆಂಡತಿಯ ಮುಖ ನೋಡಲಿಲ್ಲ. ಪಕ್ಕಕ್ಕೆ ಸರಿದು ನಿಂತ.

ಪ್ರೊಫೆಸರರು ಚೀಲದ ಕಿವಿ ಮುಟ್ಟಿ ಕೊಟ್ಟಂತೆ ಮಾಡಿದರು. ಚಪ್ಪಾಳೆ ಬಿತ್ತು. ತುಳಜಾಬಾಯಿ ಬಾಗಿ ಚೀಲದ ಬಾಯಿ ಬಿಚ್ಚಿದಳು. ನೂಲುವವಳು ಉಣ್ಣೆಯನ್ನು ಮೊದಲು ಬೆರಳಿಂದ ನೋಡುತ್ತಾಳೆ. ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಎಳೆದಳು.

ಎಳೆ ಉಗುರಿನಷ್ಟಿತ್ತು.

ಅವಳೇ ದಿನಾ ನೂತದ್ದು. ದಿನಾ ಅವರು ಕತ್ತರಿಸಿದ್ದು. ಅದರ ಜೊತೆಗೆ ಗೋದಾಮಿನ ನೆಲದ ಕಸ, ಕುರಿ ಹಿಕ್ಕೆ, ಉತ್ತರಾಣಿಯ ಮುಳ್ಳು. ನಡುನಡುವೆ ಕೆಂಪು ಜುಂಗು, ಹಡಗದ ಕಂಬಳಿ ಝಾಡಿಸಿದಾಗ ಉದುರಿದ್ದು. ತೋಳಿನವರೆಗೆ ಕೈ ತೂರಿಸಿದಳು. ತಳದವರೆಗೂ ಅದೇ.

"ನಡೀಬೇ, ಇಳಿ ಕೆಳಗ," ಎಂದು ಶಂಕರೆಪ್ಪ ಪಿಸುಗುಟ್ಟಿದ. "ಮಂದಿ ನೋಡಾಕತ್ಯಾರ."

"ನೋಡ್ಲಿ," ಎಂದಳು.

ಚೀಲದ ತಳದ ಎರಡು ಮೂಲೆ ಹಿಡಿದಳು. ಎತ್ತಿದಳು. ವೇದಿಕೆಯ ಮೇಲೆ ಸುರಿದಳು. ಅಷ್ಟಕ್ಕೇ ಬಿಡಲಿಲ್ಲ. ಖಾಲಿ ಚೀಲವನ್ನು ತಿರುವಿ ಹಾಕಿ ಎರಡೂ ಕೈಯಿಂದ ಝಾಡಿಸಿದಳು. ಸತ್ತ ಉಣ್ಣೆ ಗಾಳಿಗೆ ಎದ್ದಿತು. ಪ್ರೊಫೆಸರರ ಕರಿ ಕೋಟಿನ ಮೇಲೆ ಕೂತಿತು. ಸಾವಕಾರನ ಮೀಸೆಗೆ ಹತ್ತಿತು. ಪೇಢೆಯ ತಟ್ಟೆಯ ಮೇಲೆ ಇಳಿಯಿತು. ಯಾರೋ ಸೀನಿದರು. ಅವಳು ಮತ್ತೊಮ್ಮೆ ಝಾಡಿಸಿದಳು.

"ಏನಬೇ ಇದು! ಹುಚ್ಚ ಹಿಡದೈತೇನು?" ಸಾವಕಾರ ಎದ್ದು ನಿಂತ.

"ಚಲೋ ಉಣ್ಣಿ ಹಡಗ ಹತ್ತಸ್ತೀರಿ. ಅವರ ಹರಕಾ ಚಿಂದಿ ಇಳಸ್ಕೊಂತೀರಿ. ನನಗ ಕಸಾ ಕೊಡ್ತೀರಿ." ದನಿ ಈಗ ಬಂದಿತ್ತು. "ಇಬ್ಬರಿಗೂ ಚಲೋ ಅಂತ ಹೇಳಸಿದ್ರೆಲ್ಲ ಸಾವಕಾರ್ರ, ಆ ಇಬ್ಬರು ಯಾರ್ರಿ? ಒಬ್ಬರು ನೀವು. ಇನ್ನೊಬ್ಬರು ಯಾರು? ನಾ ಅಲ್ಲ. ನನ್ನ ಗಂಡ ಅಲ್ಲ."

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ಸಾವಕಾರ ವ್ಯಾಪಾರಸ್ಥ. ಸಿಟ್ಟು ನುಂಗಿದ. ಕೈ ಸನ್ನೆ ಮಾಡಿ ಬಗಲಿನ ಮಳಿಗೆಯಿಂದ ಎರಡು ಕೆಂಪು ಕಂಬಳಿ ತರಿಸಿದ. ಅವುಗಳನ್ನು ಮಡಿಕೆ ಬಿಚ್ಚದೆ ಅವಳ ಮುಂದೆ ಹಿಡಿದ. ಮುಖದಲ್ಲಿ ನಗು ತಂದುಕೊಂಡ.

"ಮಗಳ ಮದುವಿ ಐತಂತಲ್ಲವಾ. ತಗೋ. ಉಣ್ಣಿ ಯಾಕ, ಕಂಬಳೀನ ತಗೋ. ನೂಲೋದ್ ಬ್ಯಾಡ, ನೇಯೋದ್ ಬ್ಯಾಡ. ಎರಡ ತಗೋ."

ಮಂದಿ ಎಲ್ಲ ಅವಳ ಕೈ ನೋಡುತ್ತಿದ್ದರು. ಸುಲಿದ ಬೆರಳುಗಳ ಕೈ. ಅದು ಮುಂದೆ ಬರಲಿಲ್ಲ.

"ಒಲ್ಲೆ."

"ಪುಕ್ಕಟ ಕೊಡಾಕತ್ತೀನಿ!"

"ಒಲ್ಲೆ ಅಂದ್ನೆಲ್ಲ."

ಸಾವಕಾರನ ನಗು ಹೋಯಿತು. ಅವನು ಅವಳ ಗಂಡನ ಕಡೆ ತಿರುಗಿದ. "ಅಮೋಗ್ಯಾ, ಇದನ್ನೆಲ್ಲಾ ಬಳದು ತುಂಬು. ತುಂಬಿ ಮನಿಗಿ ನಡಿ. ನಾಳಿಂದ ಗೋದಾಮಿನ ಕಡೆ ಮುಖಾ ಹಾಕಬ್ಯಾಡ."

ಅಮೋಗಸಿದ್ಧ ಮೊಣಕಾಲೂರಿದ. ಎರಡೂ ಅಂಗೈಯಿಂದ ಸತ್ತ ಉಣ್ಣೆಯನ್ನು ಬಳಿದು ಚೀಲಕ್ಕೆ ತುಂಬತೊಡಗಿದ.

"ಬಿಡ್ರಿ ಅದನ್ನ," ಎಂದಳು ತುಳಜಾಬಾಯಿ.

ಅವನು ಬಿಡಲಿಲ್ಲ. ಪ್ರೊಫೆಸರರ ಬೂಟಿನ ಸುತ್ತಲಿನದನ್ನೂ ಬೆರಳಿಂದ ಹೆಕ್ಕಿದ. ಅವರು ಸಂಕೋಚಪಟ್ಟು ಕಾಲು ಎತ್ತಿದರು.

ಅವಳು ಒಬ್ಬಳೇ ಮೆಟ್ಟಿಲಿಳಿದಳು. ಮಂದಿ ದಾರಿ ಬಿಟ್ಟರು. ಬಯಲು ದಾಟಿ ರಸ್ತೆಯ ಬದಿಯ ಜಾಲಿಯ ಮರೆಗೆ ಹೋಗಿ ಕೂತಳು. ಬೆಳಗಿನಿಂದ ಹಿಡಿದಿದ್ದ ಉಚ್ಚೆಯನ್ನು ಹೊಯ್ದಳು. ಆಮೇಲೆ ಅತ್ತಳು.

ಅಮೋಗಸಿದ್ಧ ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ತುಂಬಿದ ಚೀಲವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದಿದ್ದ. ಹೊಸ್ತಿಲ ಹೊರಗೇ ಕೂತ. ಮಗಳು ನೀರು ತಂದಿಟ್ಟರೂ ಮುಟ್ಟಲಿಲ್ಲ.

"ಆ ಚೀಲಾ ತುಂಬಿದವ ನಾನ," ಎಂದ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಬಂದ ಮಾತು ಅದು. "ಶಂಕರೆಪ್ಪ ತುಂಬಂದ, ತುಂಬಿದೆ. ಅಲ್ಲಿ ಮಂದಿ ಮುಂದ ನೀ ಕೈ ಹಾಕಂಗಿಲ್ಲ, ಮನಿಗಿ ಬಂದ್ ಮ್ಯಾಲ ನೋಡ್ತಿ ಅಂದ್ಕೊಂಡಿದ್ದೆ."

ಯಾರೂ ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ನೀಲಗಂಗಾ ತಾಯಿಯ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದಳು. "ಹಂಗಾರ ಮದುವಿ ಮುಂದ್ ಹಾಕ್ತೀರೇನು ಯವ್ವಾ?" ಎಂದು ಕೇಳಿದಳು.

"ಯಾವಾಗಿನ ತನಕ ಹಾಕೂನು? ಮುಂದಿನ ವರ್ಷ ಉಣ್ಣಿ ಸಿಗ್ತದೇನು?" ಎಂದಳು ಮುಕ್ತಾಬಾಯಿ.

ಮದುವೆ ಹೇಳಿದ ದಿನಕ್ಕೇ ಆಯಿತು. ಆಯಿತು ಎನ್ನಬೇಕು. ಹಂದರದ ಕೆಳಗೆ ಸಗಣಿ ಸಾರಿಸಿದ ನೆಲ. ಗದ್ದುಗೆ ಹಾಸುವ ಜಾಗ ಖಾಲಿ. ಅಕ್ಕಲಕೋಟದಿಂದ ಬಂದ ಬೀಗರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಕಂಬಳಿ ಎಲ್ಲಿ?" ಎಂದು ಪೂಜಾರಿ ಕೇಳಿದ.

"ಇಲ್ಲ," ಎಂದಳು ತುಳಜಾಬಾಯಿ.

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲ. ಮಗ್ಗ ಅಲ್ಲೈತಿ, ನೋಡ್ರಿ. ಕೋಳಿ ಕೂತೈತಿ."

"ಕಂಬಳಿ ಇಲ್ಲದ ಮದುವಿ ಎಂಥಾ ಮದುವಿಲೇ!" ಎಂದು ಗಂಡಿನ ದೊಡ್ಡಪ್ಪ ಹೆಗಲ ಮೇಲಿನ ಶಲ್ಲೆ ಕೊಡವಿ ಎದ್ದ. ಅವನ ಹಿಂದೆ ಇನ್ನೂ ಕೆಲವರು ಎದ್ದರು.

"ನಿಲ್ರಿ, ನಿಲ್ರಿ! ಬಂದೀನಿ!" ಎಂದು ಕೂಗುತ್ತ ಪೀರಪ್ಪ ಹಂದರದೊಳಗೆ ಬಂದ. ಹುಡುಗಿಯ ಸೋದರಮಾವ. ಹೊಸ ಬಿಳಿ ಅಂಗಿ ತೊಟ್ಟಿದ್ದ. ಬೆವರಿದ್ದ. ಅವನ ಕೈಯಲ್ಲಿ ಕೆಂಪು ಕಂಬಳಿ ಇತ್ತು. ಅದರ ಮಡಿಕೆ ಬಿಚ್ಚಿ ಖಾಲಿ ಜಾಗಕ್ಕೆ ಹಾಸಲು ಬಾಗಿದ.

ತುಳಜಾಬಾಯಿ ಬಂದು ಆ ಜಾಗದ ನಡುವೆ ನಿಂತಳು.

"ಅದನ್ನ ಹಾಸಬ್ಯಾಡ."

"ಯಕ್ಕಾ, ಮಂದಿ ಎದ್ದ ಹೊಂಟಾರ!"

"ಹೋಗ್ಲಿ."

"ಉಣ್ಣೀದ ಐತಿ ಇದೂ. ಯಾರ್ ಬಲ್ಲರು, ನಮ್ಮ ಕುರೀದ ಇದ್ರೂ ಇದ್ದೀತು."

"ಇದ್ದೀತು. ನನ್ನ ಕೈ ಬಿಟ್ಟು ಹೋಗಿ ಬಂದೈತಿ. ನನ್ನ ಮಗಳು ಇದರ ಮ್ಯಾಲ ಕುಂದ್ರಂಗಿಲ್ಲ."

ನೀಲಗಂಗಾ ಯಾರ ಅಪ್ಪಣೆಗೂ ಕಾಯಲಿಲ್ಲ. ಮುಂದೆ ಬಂದು ತಾಯಿಯ ಕಾಲ ಬಳಿ ಬರಿ ನೆಲದ ಮೇಲೆ ಕೂತಳು. ಬಾಸಿಂಗ ಕಟ್ಟಿದ ತಲೆ ತಗ್ಗಿಸಲಿಲ್ಲ. ನಿಂಗಣ್ಣ ನಿಂತೇ ಇದ್ದ. ದೊಡ್ಡಪ್ಪನ ಕಡೆ ನೋಡಿದ, ತಾಯಿಯ ಕಡೆ ನೋಡಿದ.

ಅವನ ತಾಯಿ ಕಸ್ತೂರಬಾಯಿ ಹೆಂಗಸರ ಸಾಲಿನಿಂದ ಎದ್ದು ಬಂದಳು. "ಏ ನಿಂಗ್ಯಾ, ಏನ್ ಬಾಯಿ ತಕ್ಕೊಂಡು ನಿಂತಿ? ಕುಂದ್ರಲೇ! ನಮ್ಮನಿ ರಾಟೀನೂ ಅಟ್ಟಾ ಏರಿ ಎಷ್ಟ ದಿನಾ ಆತು. ಯಾವ ಮಾರಿ ಇಟ್ಕೊಂಡು ಇವ್ರಿಗಿ ಕಂಬಳಿ ಕೇಳೂನು?"

ನಿಂಗಣ್ಣ ಕೂತ. ಪೂಜಾರಿ ಬೀರೋಬಾನ ಹೆಸರು ಹೇಳಿ ಭಂಡಾರ ತೂರಿದ. ಎದ್ದು ಹೊರಟವರು ತಿರುಗಿ ಬರಲಿಲ್ಲ. ಅವರು ಉಣ್ಣದೇ ಗಾಡಿ ಹೂಡಿದರು. ಊರ ಮುಂದೆ ಅವರು ಬಯ್ಯುವುದು ಹಂದರಕ್ಕೂ ಕೇಳುತ್ತಿತ್ತು. ಈ ಮದುವೆ ಮದುವೆಯಲ್ಲ ಎಂದು ಅವರು ಬದುಕಿರುವವರೆಗೆ ಹೇಳುತ್ತಾರೆ. ಅದು ತುಳಜಾಬಾಯಿಗೆ ಗೊತ್ತಿತ್ತು.

ಪೀರಪ್ಪ ಹಂದರದ ಕಂಬಕ್ಕೆ ಒರಗಿ ನಿಂತಿದ್ದ. ಬಿಚ್ಚಿದ ಕಂಬಳಿಯನ್ನು ಮತ್ತೆ ಮಡಚಲು ತಿಳಿಯದೆ ಎರಡೂ ಕೈಯಿಂದ ಎದೆಗೊತ್ತಿ ಹಿಡಿದಿದ್ದ. ಬಿಸಿಲು ಏರುತ್ತಿತ್ತು. ಬೆವರಿಗೆ ಅದರ ಬಣ್ಣ ಬಿಟ್ಟು ಅಂಗಿಯ ಮೇಲೆ ಕೆಂಪಗೆ ಇಳಿಯುತ್ತಿತ್ತು. ಕೆಳಗಿಡು ಎಂದು ಅವನಿಗೆ ಯಾರೂ ಹೇಳಲಿಲ್ಲ.